ತಳಕಲ್ ದಾರಿಯ ತೇಯುವ ಕಲ್ಲು

"ಆ ರೂಪಾಯಿಗೆ ಬರಿಗೈ ಹಚ್ಚಬ್ಯಾಡ್ರಿ ಸಾಹೇಬ್ರ. ನೋಡೂದಾದ್ರ ದೂರ ನಿಂತು ನೋಡಿ ಬರ್ರಿ. ನೋಡದಿದ್ರ ಇನ್ನೂ ಛಲೋ."

ಕೊಪ್ಪಳದ ಗುಜರಿ ಅಂಗಡಿಯ ಉಮರಸಾಬ ಹೀಗೆಂದಾಗ ಗೌರೀಶ ಬಾಯಲ್ಲಿದ್ದ ಚಹಾ ಹೊರಗೆ ಚಿಮ್ಮುವಂತೆ ನಕ್ಕ.

"ಹಚ್ಚಿದ್ರ ಏನಾಗತೈತೋ ಮಾರಾಯಾ? ಶಾಕ್ ಹೊಡೀತೈತೇನು?"

"ನಗಬ್ಯಾಡ್ರಿ. ನಿಜಾಮನ ರೂಪಾಯಿ ಬೇಕು ಬೇಕು ಅಂತ ತಲಿ ತಿಂದ್ರಿ, ಬಾಯಿ ತಪ್ಪಿ ಹೇಳಿಬಿಟ್ಟೆ. ಅದು ದೂರಿನ ದುಡ್ಡು. ಉಡಚಮ್ಮ ತೇಯೂ ದುಡ್ಡು."

ಉಮರಸಾಬ ಅತ್ತಿತ್ತ ನೋಡಿ, ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದ. ತಳಕಲ್ ದಾರಿಯಲ್ಲಿ ಜಾಲಿಕಂಟಿಗಳ ನಡುವೆ ಕರಿಯವ್ವನ ಗುಡಿ ಇದೆ. ಅನ್ಯಾಯವಾದವರು ಅಲ್ಲಿ ದೂರು ತೇಯುತ್ತಾರೆ. ಅನ್ಯಾಯ ಮಾಡಿದವನ ಕೈಯಿಂದ ಬಂದ ನಾಣ್ಯವನ್ನು ಕರಿ ಬಟ್ಟೆಯಲ್ಲಿ ಹಿಡಿದು, ಮಂಗಳವಾರ ದೇವಿಯ ಮುಂದಿನ ಕಲ್ಲಿನ ಮೇಲೆ ಗಂಧ ತೇದಂತೆ ತೇಯುವುದು. ನಾಣ್ಯದ ಮೇಲಿನ ಚಿತ್ರ ಸವೆದಂತೆ ಕೊಟ್ಟವನ ಮುಖ ಸವೆಯುತ್ತದೆ. ನಡುವೆ ಬೇರೆಯವರ ಬರಿಗೈ ತಾಗಿತೋ, ನಾಣ್ಯ ಅವರದಾಯಿತು. ಆಮೇಲೆ ಸವೆಯುವವರೂ ಅವರೇ.

ಉಡಚಮ್ಮನ ಮಗಳು ಗಂಗಾ ಗಂಗಾವತಿಯ ಅಂದಪ್ಪ ಸಾವ್ಕಾರನ ರೈಸ್‌ಮಿಲ್ಲಿನಲ್ಲಿ ಕೆಲಸಕ್ಕಿದ್ದವಳು. ಯಂತ್ರದಲ್ಲಿ ಓಡುವ ಬೆಲ್ಟಿನ ಪಟ್ಟಕ್ಕೆ ಅಡ್ಡ ಕಟ್ಟಬೇಕಿದ್ದ ಜಾಳಿಗೆಯನ್ನು ಅಂದಪ್ಪ ಕಟ್ಟಿಸಿರಲಿಲ್ಲ. ಹುಡುಗಿಯ ಜಡೆ ಪಟ್ಟಕ್ಕೆ ಸಿಕ್ಕಿತು. ಮಿಲ್ಲು ನಿಲ್ಲಿಸುವಷ್ಟರಲ್ಲಿ ಹೆತ್ತ ತಾಯಿಗೂ ಗುರುತು ಸಿಗದಂತಾಗಿತ್ತು ಮುಖ. ಮಣ್ಣು ಮಾಡುವಾಗ ಅಂದಪ್ಪ ಎಲ್ಲರೆದುರಿಗೆ ಅಜ್ಜನ ಕಾಲದ ಬೆಳ್ಳಿ ರೂಪಾಯಿಯೊಂದನ್ನು ಹೆಣದ ಹಣೆಗಿಟ್ಟು, ಕೈ ಝಾಡಿಸಿಕೊಂಡು ಕಾರು ಹತ್ತಿದ. ಉಡಚಮ್ಮ ಅಳಲಿಲ್ಲ. ಸೆರಗಿನಲ್ಲಿ ಆ ರೂಪಾಯಿ ಎತ್ತಿಕೊಂಡು ತವರಿನ ಕಡೆಯ ಈ ಗುಡಿಗೆ ಬಂದು ಕುಳಿತಳು.

"ಈಗ ಅಂದಪ್ಪ ಮಾರಿ ಮುಚ್ಚಿಕೊಂಡು ಓಡ್ಯಾಡ್ತಾನ್ರಿ. ಮೂಗು ಸಪಾಟ ಆಗೇತಿ ಅಂತಾರ," ಎಂದ ಉಮರಸಾಬ.

"ಚರ್ಮದ ರೋಗ ಇರತೈತಿ," ಎಂದ ಗೌರೀಶ. "ಆ ರೂಪಾಯಿ ಮ್ಯಾಲೆ ಚಾರಮಿನಾರ್ ಐತೇನು? ಅದರ ಬಾಗಿಲದಾಗ ಉರ್ದು 'ಮೀಮ್' ಅಕ್ಷರ ಐತೇನು? ಅದನ್ನ ಹೇಳು ಮೊದಲ."

ಉಮರಸಾಬ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟ.

ಗೌರೀಶ ರಾಣೆಬೆನ್ನೂರಿನ ಕಡೆಯವನು. ಮುನಿರಾಬಾದಿನ ನೀರಾವರಿ ಕಚೇರಿಗೆ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾಣ್ಯದ ಹುಚ್ಚು ಹತ್ತದವರಿಗೆ ಅದರ ರುಚಿ ತಿಳಿಸುವುದು ಕಷ್ಟ. ಗುಜರಿಯವನ ತಗಡಿನ ಡಬ್ಬಿಯಲ್ಲಿ ಕೈಯಾಡಿಸುವಾಗ ಹಾಳು ಬಿಲ್ಲೆಗಳ ನಡುವೆ ಯಾವುದೋ ಒಂದರ ಅಂಚು ಬೆರಳಿಗೆ ಬೇರೆಯೇ ಆಗಿ ತಾಗುತ್ತದೆ. ಅದನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು, ಸವೆದ ಅಕ್ಷರವೊಂದನ್ನು ಗುರುತು ಹಿಡಿದಾಗ ಎದೆ ಡವಗುಟ್ಟುತ್ತದಲ್ಲ, ಅದಕ್ಕಾಗಿ ಗೌರೀಶ ಊಟ ಬಿಟ್ಟವನು, ರಜೆ ಹಾಕಿದವನು. ಆದರೆ ಈ ಹುಚ್ಚಿನಲ್ಲಿ ಸುಖಕ್ಕಿಂತ ಸಂಕಟವೇ ಹೆಚ್ಚು. ವಿಜಯನಗರದ ವರಹವೆಂದು ಹುಬ್ಬಳ್ಳಿಯಲ್ಲಿ ಕೊಂಡದ್ದು ನಿನ್ನೆ ಮೊನ್ನೆ ಎರಕ ಹೊಯ್ದ ಖೋಟಾ ಆಗಿರುತ್ತದೆ. ಮೊಬೈಲಿನ ಹರಾಜಿನಲ್ಲಿ ಇನ್ನೇನು ಕೈಗೆ ಬಂತು ಎನ್ನುವಾಗ ಯಾವನೋ ಮುಖ ಕಾಣದವನು ಹೊಡೆದುಕೊಂಡು ಹೋಗುತ್ತಾನೆ. ಸಾಲು ತುಂಬಿದ ಆಲ್ಬಮ್ಮಿನಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಕಿಸೆ ಖಾಲಿ ಉಳಿದು, ಮುರಿದ ಹಲ್ಲಿನ ಜಾಗದಂತೆ ನಾಲಿಗೆಯನ್ನು ಎಳೆಯುತ್ತಲೇ ಇರುತ್ತದೆ. ಗೌರೀಶನ ನಿಜಾಮ ಸಾಲಿನಲ್ಲಿ ಅಂಥ ಖಾಲಿ ಕಿಸೆ 'ಮೀಮ್' ರೂಪಾಯಿಯದು.

"ನನ್ನ ಮಾರಿ ಇಷ್ಟು ಹೊತ್ತು ನೋಡಿದ್ರ ನಾನೂ ಬೆಳ್ಳಿ ಆಗ್ತಿದ್ದೆ," ಎಂದು ಹೆಂಡತಿ ಮಲ್ಲೇಶ್ವರಿ ಚುಚ್ಚುತ್ತಿದ್ದಳು.

"ನಿನಗ ಅಂಚು ಸರಿ ಇಲ್ಲ," ಎಂದು ಇವನು ನಗುತ್ತಿದ್ದ.

ಮಂಗಳವಾರ ರಜೆ ಹಾಕಿ, ಬೈಕ್ ಹತ್ತಿ ತಳಕಲ್ ದಾರಿ ಹಿಡಿದ.

ಕಿಟಕಿಯಿಲ್ಲದ ಕಲ್ಲಿನ ಗುಡಿ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಒಳಗೆ ಬಾವಿಯಂಥ ಕತ್ತಲೆ. ಬಾವಲಿ ಹಿಕ್ಕೆಯ ನಾತ, ಸುಟ್ಟ ಔಡಲೆಣ್ಣೆಯ ಘಾಟು, ನೆನೆದ ಕಲ್ಲಿನ ವಾಸನೆ. ಅದರೊಳಗಿಂದ ಒಂದು ಸದ್ದು. ಕರ್. ಕರ್. ಕರ್. ಹಲ್ಲು ಜುಮ್ಮೆನ್ನಿಸುವ ಸದ್ದು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಗೌರೀಶನಿಗೆ ಕಂಡದ್ದು ದೇವಿಯಲ್ಲ, ಮುದುಕಿಯೂ ಅಲ್ಲ. ಕಲ್ಲಿನ ಮೇಲೆ ಹಿಂದೆ ಮುಂದೆ ಸರಿಯುತ್ತಿದ್ದ ಬೆಳ್ಳಿ. ಚಾರಮಿನಾರ್. ಅರ್ಧ ಅಳಿಸಿದ ಮಿನಾರುಗಳ ನಡುವಿನ ಬಾಗಿಲು. ಬಾಗಿಲಲ್ಲಿ 'ಮೀಮ್'.

ಇಂಥ ನಾಣ್ಯವನ್ನು, ಇಂಥ ಅಪರೂಪದ ನಾಣ್ಯವನ್ನು, ಹುಚ್ಚು ಮುದುಕಿಯೊಬ್ಬಳು ಶುಂಠಿ ತೇದಂತೆ ತೇಯುತ್ತಿದ್ದಾಳೆ!

"ಯವ್ವಾ, ನಿಲ್ಲಸು! ಅದರ ಬದಲಿ ಬ್ಯಾರೆ ಬೆಳ್ಳಿ ರೂಪಾಯಿ ಕೊಡ್ತೀನಿ. ಇದಕ್ಕಿಂತ ದಪ್ಪಂದು."

ಉಡಚಮ್ಮ ಕತ್ತೆತ್ತಿದಳು. ಎರಡೂ ಕಣ್ಣಿನಲ್ಲಿ ಹಾಲಿನಂಥ ಪೊರೆ.

"ಯಾರಪ್ಪಾ ನೀ? ನನ್ನ ಮಗಳನ್ನೂ ಬದಲಿ ಮಾಡಿಕೊಡ್ತೀ ಏನು?"

"ಸಿಟ್ಟಾಗಬ್ಯಾಡಬೇ. ಕಲ್ಲಿಗೆ ತೇದ್ರ ಯಾರರೆ ಸಾಯ್ತಾರೇನು?"

"ಸಾಯಲಿ ಅಂತ ಯಾರು ತೇಯ್ತಾರ? ಸತ್ರ ಅವಗ ಸುಖ. ಅಂವ ಬದುಕಬೇಕು. ಅವನ ಮನ್ಯಾಗ ಅವನ ಗುರುತು ಯಾರಿಗೂ ಹತ್ತಬಾರದು."

ಇಷ್ಟು ಹೇಳಿ, ನಾಣ್ಯವನ್ನು ಕರಿ ಬಟ್ಟೆಯಲ್ಲಿ ಮಡಚಿ ದೇವಿಯ ಪಾದದಡಿ ತಳ್ಳಿ, ಕೋಲೂರಿಕೊಂಡು ಎದ್ದು ಹೋದಳು. ಗುಡಿಗೆ ಬಾಗಿಲಿರಲಿಲ್ಲ. ಅಲ್ಲಿಯದನ್ನು ಮುಟ್ಟುವ ಗುಂಡಿಗೆ ಆ ಸೀಮೆಯಲ್ಲಿ ಯಾರಿಗೂ ಇಲ್ಲದ್ದರಿಂದ ಬಾಗಿಲು ಬೇಕಾಗಿಯೂ ಇರಲಿಲ್ಲ.

ಗೌರೀಶನಿಗೆ ಗುಂಡಿಗೆ ಇತ್ತು, ಬುದ್ಧಿ ಇರಲಿಲ್ಲ. ಬದಲಿಗೆಂದು ತಂದ ಜಾರ್ಜ್ ದೊರೆಯ ತಲೆಯಿರುವ ಬೆಳ್ಳಿ ರೂಪಾಯಿ ಕಿಸೆಯಲ್ಲಿತ್ತು. ಗಾತ್ರ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಬಟ್ಟೆ ಬಿಚ್ಚಿದ. ಬೆರಳಿನ ಜಿಡ್ಡು ಹತ್ತುತ್ತದೆಂದು ಆಲ್ಬಮ್ಮಿನ ಯಾವ ನಾಣ್ಯವನ್ನೂ ಬರಿಗೈಯಲ್ಲಿ ಮುಟ್ಟದವನು ಅವತ್ತು ಆಸೆಗೆ ಎಲ್ಲ ಮರೆತ. ನಿಜಾಮನನ್ನು ಎತ್ತಿಕೊಂಡ. ತನ್ನದನ್ನು ತನ್ನ ಕೈಯಾರೆ ಬಟ್ಟೆಯೊಳಗಿಟ್ಟು ಮಡಚಿದ.

ಮನೆಗೆ ಬಂದು ಖಾಲಿ ಕಿಸೆ ತುಂಬಿದಾಗ ಅವನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಮುಂದಿನ ಮಂಗಳವಾರ, ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ, ಕಿವಿಯೊಳಗೆ ಆ ಸದ್ದು ಕೇಳಿತು. ಕರ್. ಕರ್. ನಾಲಿಗೆಯ ಮೇಲೆ ಬೆಳ್ಳಿ ನೆಕ್ಕಿದ ರುಚಿ. ಮೂಗಿನ ಮೇಲೆ ಯಾರೋ ಒದ್ದೆ ಕಲ್ಲು ಎಳೆದಂಥ ತಂಪು. ಸಂಜೆ ಮೊಬೈಲು ಮುಖಕ್ಕೆ ಹಿಡಿದರೆ ಬೀಗ ತೆರೆಯಲಿಲ್ಲ. ಗಾಜು ಒರೆಸಿದ, ಕನ್ನಡಕ ತೆಗೆದ, ದೀಪದ ಕೆಳಗೆ ನಿಂತ. ಅದಕ್ಕೆ ಇವನ ಗುರುತು ಸಿಗಲೇ ಇಲ್ಲ.

ಇನ್ನೊಂದು ಮಂಗಳವಾರ ಕಳೆಯಿತು. ಗಡ್ಡ ಕೆರೆಯುವಾಗ ಬ್ಲೇಡು ತುಟಿಯ ಮೇಲಿನ ಗುಳಿಗೆ ಸಿಕ್ಕದೆ ನುಣ್ಣಗೆ ಜಾರಿಹೋಯಿತು. ಗುಳಿಯೇ ಇರಲಿಲ್ಲ. ಕನ್ನಡಕ ಮೂಗಿನ ಮೇಲೆ ನಿಲ್ಲದೆ ಪದೇ ಪದೇ ಕೆಳಗೆ ಬೀಳತೊಡಗಿತು.

"ಮಾರಿ ಯಾಕೋ ಸಪ್ಪಗಾಗೇತಿ," ಎಂದಳು ಮಲ್ಲೇಶ್ವರಿ. ಹಾಗೆಂದವಳು ಅವನ ಮುಖ ಬಿಟ್ಟು ಬೇರೆ ಕಡೆ ನೋಡಿದಳು.

ಡಾಕ್ಟರು ಮುಲಾಮು ಬರೆದುಕೊಟ್ಟರು. ಅದನ್ನು ಹಚ್ಚುವಾಗ ಬೆರಳಿಗೆ ಹುಬ್ಬಿನ ಎಲುಬು ಸಿಗುತ್ತಿರಲಿಲ್ಲ. ಅದೇ ವಾರ ಕೊಪ್ಪಳದ ಸಂತೆಯಲ್ಲಿ ಇಬ್ಬರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು: ಗಂಗಾವತಿಯ ಅಂದಪ್ಪ ಸಾವ್ಕಾರ ಆರಾಮಾಗ್ಯಾನ, ಮೂಗು ತಿರುಗಿ ಬಂದೈತಿ. ಗೌರೀಶನ ಕೈಯಲ್ಲಿದ್ದ ಚೀಲ ಜಾರಿತು.

ಅದರ ಮುಂದಿನ ಮಂಗಳವಾರ ಸಂಜೆ ಅವನು ಬಚ್ಚಲಿಂದ ಹೊರಬಂದಾಗ ಮಲ್ಲೇಶ್ವರಿ ಒಲೆಯ ಮೇಲಿನ ಸೌಟು ಎತ್ತಿಕೊಂಡು ಕಿರುಚಿದಳು. "ಯಾರೋ ನೀ? ಯಾರಲೇ ಮನ್ಯಾಗ ಬಂದಿ?" ಗೌರೀಶ ಹೆಸರು ಹೇಳಿದ. ದನಿ ಕೇಳಿ ಸೌಟು ಇಳಿಸಿದಳು. ಆದರೂ ಹತ್ತಿರ ಬರಲಿಲ್ಲ. ಆ ದಿನವೇ ಅಕ್ಕನ ಮನೆಗೆ ಹೊರಟುಹೋದಳು.

ಮರುದಿನ ಅವನು ಮಾಸ್ಕು, ಕರಿ ಕನ್ನಡಕ ಹಾಕಿಕೊಂಡು, ಆಲ್ಬಮ್ಮಿನಿಂದ ನಿಜಾಮನ ರೂಪಾಯಿ ತೆಗೆದುಕೊಂಡು ತಳಕಲ್ ದಾರಿಗೆ ಓಡಿದ. ಉಡಚಮ್ಮ ಗುಡಿಯ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕುಳಿತಿದ್ದಳು. ಅವನು ಅವಳ ಕಾಲು ಹಿಡಿದು ಎಲ್ಲವನ್ನೂ ಹೇಳಿದ. ಅವಳ ಕೈ ಬಂದು ಅವನ ಮುಖ ತಡವಿತು. ಒರಟು ಬೆರಳುಗಳು ಮೂಗು ಹುಡುಕಿದವು. ಸಿಗಲಿಲ್ಲ.

"ಅಂವ ಆರಾಮಾದ ಅಂತ ಕೇಳಿ ದೇವಿಗೆ ಬೈದೆ ನಾನು. ಬಾಯಿಗೆ ಬಂದಂಗ ಬೈದೆ. ಕಳ್ಳ ನೀನೇನು?"

"ತಪ್ಪಾತಬೇ. ತಗೋ ನಿನ್ನ ರೂಪಾಯಿ. ನಂದು ನನಗ ಕೊಡು."

"ಇದು ನಿನ್ನ ಕೈ ಸೇರೇತಿ. ಈಗ ಇದೂ ನಿಂದ. ಇದನ್ನ ತೇದ್ರ ನೀನ ಸವೀತಿ, ಅದನ್ನ ತೇದ್ರೂ ನೀನ ಸವೀತಿ." ಅವಳು ನಕ್ಕಳು. ಆ ನಗೆಯಲ್ಲಿ ಹಲ್ಲೂ ಇರಲಿಲ್ಲ, ಕರುಣೆಯೂ ಇರಲಿಲ್ಲ. "ನನ್ನ ಮಗಳ ಮಾರಿ ತಿಂದಾವನ್ನ ಬಿಡಸಿದ್ಯಲ್ಲ, ನೀನ ಹೊಳ್ಳಿ ಕಟ್ಟು. ಅಂದಪ್ಪನ ಕೈಯಿಂದ ಬಂದದ್ದು ಒಂದು ದುಡ್ಡು ತಂದುಹಾಕು. ಯಾವುದಾದ್ರೂ ಆಗಲಿ. ಆದ್ರ ಅವನ ಕೈ ಆದಮ್ಯಾಗ ಇನ್ನೊಬ್ಬರ ಕೈ ಮುಟ್ಟಬಾರದು. ತಂದ ದಿನ ನಿಂದು ನಿನಗ. ಬರೂ ಮಂಗಳವಾರದ ತನಕ ನೋಡ್ತೀನಿ. ಆಮ್ಯಾಗ ನಿನ್ನ ಬಾಯಿ ಉಳಿಯೂದಿಲ್ಲ."

ಆ ವಾರವೆಲ್ಲ ಗೌರೀಶ ಆಲ್ಬಮ್ಮು ತೆರೆದು ಕೂತ. ಕೊನೆಗೆ ನಿಜಾಮರ ಕಾಲದ ಬೆಳ್ಳಿಯ ಎರಡಾಣೆ ಆರಿಸಿದ. ಬೆರಳುಗುರಿನಷ್ಟು ಚಿಕ್ಕದು, ಹುಣಸೆ ಎಲೆಯಷ್ಟು ತೆಳ್ಳಗಿನದು. ಬೇಗ ಸವೆಯುತ್ತದೆ ಎಂದೇ ಅದನ್ನು ಆರಿಸಿದ. ಹೆದರಿಕೆ ಮೆಲ್ಲಗೆ ಸಿಟ್ಟಾಗುತ್ತಿತ್ತು. ಯಾವನೋ ಸಾವ್ಕಾರ ಜಾಳಿಗೆಯ ಖರ್ಚು ಉಳಿಸಿದ್ದಕ್ಕೆ ತನ್ನ ಹೆಂಡತಿ ತನ್ನನ್ನು ಕಂಡು ಸೌಟು ಎತ್ತಬೇಕೆ? ಕದ್ದವನು ತಾನು ಎಂಬುದು ಅವನಿಗೆ ನೆನಪಾಗಲಿಲ್ಲ. ಅಂಥದ್ದು ಯಾರಿಗೂ ನೆನಪಾಗುವುದಿಲ್ಲ.

ಮಂಗಳವಾರ ಮಧ್ಯಾಹ್ನ ಗಂಗಾವತಿ. ಬೆಂದ ಭತ್ತದ ಹುಳಿವಾಸನೆ, ಗಾಳಿಯಲ್ಲಿ ತೌಡಿನ ಧೂಳು. ಅಂದಪ್ಪ ಗಾದಿಯ ಮೇಲೆ ಕೂತಿದ್ದ. ಹೊಸ ಮೂಗು, ಎಳೆಗೂಸಿನದರಂತೆ ಕೆಂಪಗೆ. ಬಂದವನಿಗೆ ಆಳಿನ ಕೈಯಿಂದಲೇ ನೀರು ಕೊಡಿಸಿದ. ಗುಮಾಸ್ತ ಕೇಳಿದ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಬೆರಳಿಂದ ದೂಡಿದ. ಯಾರ ಕೈಗೂ ಏನನ್ನೂ ಕೊಡುತ್ತಿರಲಿಲ್ಲ.

"ನಾಣ್ಯ ಕೂಡಸೂ ಹುಚ್ಚೇನ್ರಿ? ನಮ್ಮಜ್ಜನ ಕಾಲದ್ದು ಒಂದು ಪೆಟಗಿ ಇತ್ತು. ಎಲ್ಲಾ ಮಾರಿದ್ವಿ."

"ಒಂದು ಹೆಣದ ಹಣಿಗೆ ಇಟ್ಟಿದ್ರಂತ ಕೇಳಿದೆ ಸಾವ್ಕಾರ್ರ."

ಅಂದಪ್ಪ ಹಲ್ಲು ಕಿರಿದ. "ಹಣಿ ಎಲ್ಲಿತ್ರಿ? ಹುಡುಕಿ ಇಟ್ಟು ಬಂದೆ. ಊರಾಗ ಮಂದಿ ಸುಮ್ಮನಾಗಬೇಕಲ್ಲ. ಮುದುಕಿ ಕಲ್ಲಿಗೆ ತೇಯ್ತಾಳಂತ, ತೇಯಲಿ. ಹೈದರಾಬಾದಿನ ಡಾಕ್ಟರು ಎಲ್ಲಾ ವಾಸಿ ಮಾಡ್ಯಾರ."

ಗೌರೀಶ ಆಲ್ಬಮ್ಮು ಬಿಚ್ಚುವ ನೆಪದಲ್ಲಿ ಎರಡಾಣೆಯನ್ನು ಜಾರಬಿಟ್ಟ. ಅದು ಟಿಣ್ಣೆಂದು ಬಿದ್ದು, ಅಂಚಿನ ಮೇಲೆ ಉರುಳಿ, ಅಂದಪ್ಪನ ಕಾಲಿಗೆ ತಾಗಿ ಮಲಗಿತು.

ಕಾಲ ಬಳಿ ಬಿದ್ದ ದುಡ್ಡನ್ನು ನೋಡಿಯೂ ಸುಮ್ಮನೆ ಕೂರುವ ವ್ಯಾಪಾರಿ ಗಂಗಾವತಿಯಲ್ಲಿ ಇನ್ನೂ ಹುಟ್ಟಿಲ್ಲ. ಅಂದಪ್ಪ ಬಾಗಿ, ಎತ್ತಿ, ಕಣ್ಣಿಗೊತ್ತಿಕೊಂಡ.

"ಲಕ್ಷ್ಮೀನ ಹಿಂಗ ಬೀಳಸ್ತಾರೇನ್ರಿ? ತಗೋರಿ."

"ಇದರಾಗ ಹಾಕಿಬಿಡ್ರಿ. ನಾವು ಕೈ ಹಚ್ಚಂಗಿಲ್ಲ, ಬೆಳ್ಳಿಗೆ ಜಿಡ್ಡು ಹತ್ತತೈತಿ," ಎಂದು ಗೌರೀಶ ಪ್ಲಾಸ್ಟಿಕ್ ಕಿಸೆಯ ಬಾಯಿ ತೆರೆದು ಹಿಡಿದ.

ನಾಣ್ಯ ಒಳಗೆ ಜಾರಿತು. ಅಂದಪ್ಪನ ಬೆರಳು ಗಾಳಿಯಲ್ಲೇ ನಿಂತಿತು. ಅವನು ಖಾಲಿ ಬೆರಳು ನೋಡಿಕೊಂಡ. ಆಮೇಲೆ ಬಂದವನ ಮಾಸ್ಕು ನೋಡಿದ. ಕರಿ ಕನ್ನಡಕ ನೋಡಿದ.

"ಮಾಸ್ಕ್ ತಗೀರಿ."

ಗೌರೀಶ ತೆಗೆದ.

ಅಂದಪ್ಪನ ಗಂಟಲಿಂದ ಹೊರಟ ಕೂಗಿಗೆ ಹಮಾಲರು ಚೀಲ ಬಿಟ್ಟು ಓಡಿಬಂದರು. ಅಷ್ಟರಲ್ಲಿ ಗೌರೀಶ ಬೈಕಿನ ಮೇಲಿದ್ದ. ಮಿಲ್ಲಿನ ಮುಂದೆ ಭತ್ತದ ಲಾರಿಗಳು ಸಿಕ್ಕುಬಿದ್ದು ನಿಂತಿದ್ದವು. ಬೈಕು ಸಂದಿಯಲ್ಲಿ ನುಸುಳಿತು. ಹಿಂದೆ ಅಂದಪ್ಪನ ಕಾರು ಹಾರ್ನು ಹೊಡೆಯುತ್ತಲೇ ಉಳಿಯಿತು.

ಗುಡಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಉಡಚಮ್ಮ ಕಲ್ಲಿನ ಮುಂದೆ ಕೂತೇ ಇದ್ದಳು. ಆಲ್ಬಮ್ಮಿನ ಕಿಸೆಯಿಂದ ಎರಡಾಣೆಯನ್ನು ಹೊಸದೊಂದು ಕರಿ ಬಟ್ಟೆಯ ತುಂಡಿಗೆ ಉದುರಿಸಿಕೊಂಡಳು. ಜಾರ್ಜ್ ದೊರೆಯನ್ನು ಇವನ ಅಂಗೈಗೆ ಹಾಕಿದಳು. ದೊರೆಗೆ ಕಣ್ಣು ಇತ್ತು, ಬಾಯಿ ಇತ್ತು. ನಡುವೆ ಏನೂ ಇರಲಿಲ್ಲ.

"ನನ್ನ ಮಾರಿ ತಿರುಗಿ ಬರತೈತೇನಬೇ?"

"ಅವಂದು ಬರಲಿಲ್ಲೇನು? ಹಂಗ." ಅವಳು ಬಟ್ಟೆ ಮುಂದೆ ಚಾಚಿದಳು. "ನನ್ನ ಮುಂಗೈ ಸೋತಾವು. ಇವತ್ತು ನೀನ ತೇಯಿ. ಬಟ್ಟಿ ದಪ್ಪ ಮಡಚಿ ಹಿಡಿ."

ಗೌರೀಶ ಕೂತ. ಕಲ್ಲಿನ ಮೇಲೆ ನೀರು ಚಿಮುಕಿಸಿದ. ಕರ್. ಕೈ ಹಿಂದೆ ಬಂತು. ಕರ್. ಜೀವನಪೂರ್ತಿ ನಾಣ್ಯಕ್ಕೆ ಗೀರು ಬೀಳದಂತೆ ಕಾದವನು. ಮೊದಮೊದಲು ಮೆಲ್ಲಗೆ, ಅಳುಕುತ್ತಲೇ ಎಳೆದ. ಆಮೇಲೆ "ಹಣಿ ಎಲ್ಲಿತ್ರಿ" ಎಂಬ ಮಾತು ನೆನಪಾಯಿತು. ಹೆಂಡತಿಯ ಸೌಟು ನೆನಪಾಯಿತು. ಕೈಗೆ ಬಲ ಬಂತು. ಕಲ್ಲಿನ ನೀರು ಬೂದಿಬಣ್ಣವಾಗಿ ಕೆಳಗೆ ಹರಿಯಿತು. ತೇದ ಬೆಳ್ಳಿಯ ವಾಸನೆ, ಹಸಿ ಹಸಿಯಾಗಿ, ಗಂಟಲು ತುಂಬಿತು. ಅದು ಹಿತವಾಗಿತ್ತು. ಗುಜರಿ ಡಬ್ಬಿಯಲ್ಲಿ ಎಂದೂ ಸಿಗದ ಹಿತ.

ಹೊರಗೆ ಕಾರು ನಿಂತಿತು. ಹೊಸ್ತಿಲ ಮೇಲೆ ನೆರಳು ಬಿತ್ತು.

"ನಿಲ್ಲಸೋ!" ಅಂದಪ್ಪ ಒಳಗೆ ಕಾಲಿಡುವ ಮೊದಲೇ ಮುಗ್ಗರಿಸಿದ. "ಉಡಚವ್ವಾ, ಕೈ ಮುಗೀತೀನಿ! ಏನು ಬೇಕು ಕೇಳು, ಕೊಡ್ತೀನಿ!"

"ಏನೂ ಕೊಡಬ್ಯಾಡ. ನಿನ್ನ ಕೈಯಿಂದ ಬಂದದ್ದು ಸಾಕಾಗೇತಿ," ಎಂದಳು ಉಡಚಮ್ಮ.

ಕರ್. ಹೊಸ ಮೂಗು ಇಳಿಯಿತು. ಕರ್. ಕೆನ್ನೆಯ ಮೂಳೆ ಇಳಿಯಿತು. ಗೌರೀಶ ನೋಡುತ್ತಲೇ ತೇದ. ಹುಬ್ಬು ಹೋಯಿತು. ಕಣ್ಣಿನ ಗುಳಿ ತುಂಬಿಕೊಂಡಿತು. ಅಂದಪ್ಪ ನೆಲಕ್ಕೆ ಬಿದ್ದು ತೆವಳಿದ. "ನಮ್ಮಪ್ಪಾ, ಬಿಡೋ, ಬಿ..." ತುಟಿಗಳು ಒಂದಕ್ಕೊಂದು ಅಂಟಿದವು. ಮಾತು ಒಳಗೇ ಉಳಿದು ಗುಂಯ್ ಎಂದಿತು.

ಆ ಗುಂಯ್ ಸದ್ದಿಗೆ ಉಡಚಮ್ಮ ಬೆಚ್ಚಿದಳು. ಕಿವಿಗೊಟ್ಟಳು. ಪಟ್ಟದ ಕೆಳಗಿಂದ ಎಳೆದಾಗ ಗಂಗಾ ಹೀಗೇ ಸದ್ದು ಮಾಡಿದ್ದಳೋ ಏನೋ. ಅವಳ ಮುದಿ ಗದ್ದ ನಡುಗಿತು.

"ಸಾಕು," ಎಂದಳು. "ಸಾಕು ಬಿಡಪ್ಪಾ. ಮುಗೀತು."

ಗೌರೀಶ ಬಿಡಲಿಲ್ಲ.

"ಸಾಕಂದ್ನಿ! ಕೈ ತಗೀ!"

ಕರ್. ಕರ್. ಕರ್. ಇನ್ನೂ ಅಕ್ಷರದ ಕಲೆಯೊಂದು ಉಳಿದಿದೆ. ಅದೂ ಹೋಗಲಿ. ಪೂರ್ತಿ ಹೋಗಲಿ. ಮುದುಕಿ ಅವನ ತೋಳು ಹಿಡಿದು ಎಳೆದಳು. ಅವನು ಝಾಡಿಸಿದ. ಮೈ ಬೆವೆತಿತ್ತು. ಕಣ್ಣು ಕತ್ತಲೆ. ಕೈ ಒಂದೇ ಓಡುತ್ತಿತ್ತು. ನಾಣ್ಯ ಕಾಗದವಾಯಿತು. ಬಟ್ಟೆ ನೂಲುನೂಲಾಯಿತು.

ಬೆರಳಿಗೆ ತಣ್ಣಗೆ ಏನೋ ತಾಗಿತು.

ಬೆಳ್ಳಿ. ಬರಿ ಬೆಳ್ಳಿ. ಅವನ ಬರಿ ಬೆರಳು.

ನಿಲ್ಲಿಸಬೇಕೆಂದುಕೊಂಡ. ಕೈ ಆಗಲೇ ಮುಂದೆ ಹೋಗಿತ್ತು. ಕರ್. ಎಲೆಯಷ್ಟಿದ್ದ ನಾಣ್ಯ ಒಂದೇ ಎಳೆತಕ್ಕೆ ಕಲ್ಲಿನ ಮೇಲೆ ಬೂದಿನೀರಾಗಿ ಹೋಯಿತು.

ಮೊದಲು ಬೆಳಕು ಹೋಯಿತು. ಕೂಗಿದ. ಕೂಗು ಹಲ್ಲಿನ ಹಿಂದೆಯೇ ನಿಂತಿತು. ಕೈ ಎತ್ತಿ ಬಾಯಿ ಹುಡುಕಿದ. ಬೋಳು ಚರ್ಮ, ತೇದ ಕಲ್ಲಿನಂತೆ ನುಣುಪು. ಕಿವಿಯ ಜಾಗದಲ್ಲಿ ಉಳಿದ ಎರಡು ತೂತುಗಳಿಂದ ಮಾತ್ರ ಲೋಕ ಒಳಗೆ ಬರುತ್ತಿತ್ತು. ಕಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದು. ಪಕ್ಕದಲ್ಲೇ ಇನ್ನೊಬ್ಬನ ಗುಂಯ್. ಅದೇ ಗುಂಯ್ ತನ್ನೊಳಗಿಂದಲೂ.

ಚಪ್ಪಲಿ ಸದ್ದು. ಅಂದಪ್ಪನ ಡ್ರೈವರ್ ಒಳಗೆ ಬಂದು ಮುಗ್ಗರಿಸಿ ನಿಂತ.

"ಯವ್ವಾ... ಇದರಾಗ ನಮ್ಮ ಸಾವ್ಕಾರ ಯಾರಬೇ?"

ಗೌರೀಶ ಕೈ ಎತ್ತಿ ಜೋರಾಗಿ ಬೀಸಿದ, ನಾನಲ್ಲ, ನಾನಲ್ಲ ಎಂದು. ಪಕ್ಕದವನೂ ಕೈ ಎತ್ತಿರಬೇಕು. ಎರಡು ಕೈಗಳು ಗಾಳಿಯಲ್ಲಿ ಒಂದಕ್ಕೊಂದು ತಾಗಿದವು.

"ನನಗೂ ಗುರುತು ಹತ್ತವಲ್ದಪ್ಪಾ," ಎಂದಳು ಉಡಚಮ್ಮ.